ಮಗು ಇರುವ ಕಡೆಗೇ ಟೀಚರ್ ಬರಲಿ

ತೀರ್ಥಹಳ್ಳಿ ಕಡೆಯ ಓದುಗರೊಬ್ಬರು ಬರೆದಿದ್ದಾರೆ: "ಮಗಳಿಗೆ ಮೂರೂವರೆ ವರ್ಷ. ಅಂಗನವಾಡಿ ಹಳ್ಳದ ಆಚೆ ಇದೆ. ಪೇಟೆಯ ಎಲ್‌ಕೆಜಿಗೆ ಫೀಸು, ವ್ಯಾನು ಎರಡನ್ನೂ ಕಟ್ಟುವ ಶಕ್ತಿ ನಮಗಿಲ್ಲ. ಖಾಸಗಿ ನರ್ಸರಿಗಳಿಗೆ ಸರ್ಕಾರವೇ ದುಡ್ಡು ಕೊಟ್ಟು ನಮ್ಮ ಮಕ್ಕಳಿಗೆ ಉಚಿತವಾಗಿ ಕಲಿಸಬಾರದೇ?"

ಕಲಿಸಬಹುದು, ಕಲಿಸಲೇಬೇಕು. ಆದರೆ ದುಡ್ಡು ಯಾರ ಕೈಗೆ ಹೋಗಬೇಕು ಅನ್ನುವುದರಲ್ಲಿ ನನ್ನ ಮಾತು ಸ್ವಲ್ಪ ಬೇರೆ.

ಶಿವಮೊಗ್ಗ ನಗರದಲ್ಲಾದರೆ ನೀವು ಹೇಳಿದ್ದು ನಡೆದೀತು, ಅಲ್ಲಿ ನರ್ಸರಿಗಳಿಗೆ ಬರವಿಲ್ಲ. ನಮ್ಮ ಹಳ್ಳಿಗಳಲ್ಲಿ ಗುಡ್ಡಕ್ಕೊಂದು ಮನೆ. ಏಳೆಂಟು ಮಕ್ಕಳಿರುವ ಊರಿಗೆ ಖಾಸಗಿಯವರು ಯಾಕೆ ಬರುತ್ತಾರೆ ಹೇಳಿ, ತಲೆಗಿಷ್ಟು ಅಂತ ಸರ್ಕಾರ ಕೊಟ್ಟರೂ ಅವರಿಗೆ ಗಿಟ್ಟುವುದಿಲ್ಲ. ಖಾಸಗಿ ಶಾಲೆಗಳಲ್ಲಿ ಬಡ ಮಕ್ಕಳಿಗೆ ಸರ್ಕಾರದ ದುಡ್ಡಲ್ಲಿ ಕೊಡುವ ಆರ್‌ಟಿಇ ಸೀಟುಗಳಲ್ಲಿ ಇದನ್ನು ನೋಡಿದ್ದೇವೆ ಅಲ್ವಾ? ಖಾಸಗಿ ಶಾಲೆ ಇದ್ದ ಪೇಟೆಯ ಮಕ್ಕಳಿಗೆ ಅನುಕೂಲವಾಯಿತು, ಖಾಸಗಿ ಶಾಲೆಯೇ ಇಲ್ಲದ ಕಡೆ ಆ ಸೀಟುಗಳಿಂದ ಏನೂ ಬರಲಿಲ್ಲ.

ಹಾಗಾಗಿ ಈಗಾಗಲೇ ಮಕ್ಕಳನ್ನು ನೋಡಿಕೊಳ್ಳುತ್ತಿರುವವರ ಜತೆ ಸರ್ಕಾರ ಕೈಜೋಡಿಸಲಿ. ನರೇಗಾ ಕೆಲಸಕ್ಕೆ ಹೋಗುವ ತಾಯಂದಿರ ಪುಟ್ಟ ಮಕ್ಕಳಿಗಾಗಿ 2023ರ ರಾಜ್ಯ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ಕೂಸಿನ ಮನೆ ಅನ್ನುವ ಶಿಶುಪಾಲನಾ ಕೇಂದ್ರ ಘೋಷಿಸಿದರು. 50 ಹೆಂಗಸರು ಕೆಲಸ ಮಾಡುವ ತೋಟದಲ್ಲಿ ಶಿಶುವಿಹಾರ ಇರಬೇಕು ಅಂತ 1951ರ ಪ್ಲಾಂಟೇಶನ್ ಕಾನೂನು ಹೇಳುತ್ತಿತ್ತು. ಇನ್ನು ಅಡಿಕೆ ಸುಗ್ಗಿಯಲ್ಲಿ ತಾಯಂದಿರು ರಾತ್ರಿವರೆಗೆ ಸುಲಿಯುತ್ತಾ ಕೂತಾಗ ಅಕ್ಕಪಕ್ಕದ ಮಕ್ಕಳನ್ನೆಲ್ಲ ಒಂದೇ ಜಗಲಿಯಲ್ಲಿ ಕೂಡಿಸಿಕೊಂಡು ಊಟ ಹಾಕಿ ಮಲಗಿಸುವ ಅಜ್ಜಿ, ಚಿಕ್ಕಮ್ಮಂದಿರು ಇದ್ದಾರೆ. ಇಂಥ ಕಡೆ ತರಬೇತಿಯಾದ ಒಬ್ಬ ಟೀಚರ್, ಆಟದ ಸಾಮಾನು, ಮೊಟ್ಟೆ, ಹಾಲು ಬರಲಿ. ಹತ್ತಿರದ ಅಂಗನವಾಡಿಯ ಹಾಜರಿಯಲ್ಲೇ ಈ ಮಕ್ಕಳ ಹೆಸರೂ ಇರಲಿ.

ಬೇರೆ ಕಡೆ ಹೀಗೆ ಮಾಡಿದ್ದಾರೆ. ನ್ಯೂಯಾರ್ಕ್ ನಗರ 2014ರಲ್ಲಿ ನಾಲ್ಕು ವರ್ಷದ ಎಲ್ಲ ಮಕ್ಕಳಿಗೂ ಉಚಿತ ತರಗತಿ ಶುರು ಮಾಡಿದಾಗ ಸರ್ಕಾರಿ ಶಾಲೆಗಳನ್ನಷ್ಟೇ ನಂಬಿ ಕೂರಲಿಲ್ಲ, ಮೊದಲಿಂದಲೂ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಬಡಾವಣೆಯ ಸಂಸ್ಥೆಗಳ ಜತೆ ಒಪ್ಪಂದ ಮಾಡಿಕೊಂಡಿತು. ಅರ್ಧಕ್ಕಿಂತ ಜಾಸ್ತಿ ಸೀಟು ಅಲ್ಲೇ ಸಿಕ್ಕಿತು. ಎಡವಿದ್ದು ಸಂಬಳದಲ್ಲಿ. ಕೆಲಸ ಒಂದೇ, ಓದು ಒಂದೇ, ಆದರೆ ಸಂಸ್ಥೆಯ ಟೀಚರ್‌ಗೆ ಸರ್ಕಾರಿ ಶಾಲೆಯ ಟೀಚರ್‌ಗಿಂತ ಎಷ್ಟೋ ಕಡಿಮೆ, ಹಾಗಾಗಿ ಅನುಭವ ಇದ್ದವರು ಬಿಟ್ಟು ಹೋಗತೊಡಗಿದರು. ಅದನ್ನು ಸರಿಪಡಿಸುವ ಒಪ್ಪಂದಕ್ಕೆ 2019 ಬರಬೇಕಾಯಿತು.

ನಮ್ಮಲ್ಲಿ ಅಂಗನವಾಡಿ ಟೀಚರ್‌ಗೆ ಇವತ್ತಿಗೂ ಸಿಗುವುದು ಗೌರವಧನ. 2024ರಲ್ಲಿ ಸರ್ಕಾರಿ ಶಾಲೆಗಳಲ್ಲೇ ಎಲ್‌ಕೆಜಿ, ಯುಕೆಜಿ ತೆರೆಯಲು ಹೊರಟಾಗ ಅವರು ಬೀದಿಗಿಳಿದದ್ದು ಸುಮ್ನೆ ಅಲ್ಲ, ಮೂರು ದಾಟಿದ ಮಕ್ಕಳು ಅತ್ತ ಹೋದರೆ ಅಂಗನವಾಡಿಯಲ್ಲಿ ಉಳಿಯುವುದೇನು? ಹೊಸ ಪಾಲುದಾರರು ಯಾರೇ ಬಂದರೂ ಇವರನ್ನು ಬದಿಗೆ ಸರಿಸಬಾರದು, ಇವರ ಸಂಬಳ ಮೊದಲು ಏರಬೇಕು. ಇದರಲ್ಲಿ ನಾನು ರಾಜಿಯಾಗಲಾರೆ.

ಈಗ ನಿಮ್ಮ ಹಳ್ಳದ ವಿಷಯ. ಗುಡ್ಡಗಾಡಿನಲ್ಲಿ 300 ಜನಕ್ಕೆ ಒಂದು ಅಂಗನವಾಡಿ, 150 ಜನಕ್ಕೆ ಮಿನಿ ಅಂಗನವಾಡಿ ಅಂತ, ಅಂಗನವಾಡಿಗಳನ್ನು ನಡೆಸುವ ಕೇಂದ್ರದ ಯೋಜನೆ ಐಸಿಡಿಎಸ್ ಲೆಕ್ಕ ಇಟ್ಟಿದೆ. ತಲೆ ಎಣಿಸುವ ಈ ಲೆಕ್ಕಕ್ಕೆ ಜುಲೈ ಮಳೆಯಲ್ಲಿ ಹಳ್ಳ ದಾಟಬೇಕಾದ ಕಾಲುಸಂಕ ಕಾಣುವುದಿಲ್ಲ. ಹಳ್ಳದ ಈಚೆ ಆರು ವರ್ಷದೊಳಗಿನ ಮಕ್ಕಳು ಎಷ್ಟಿದ್ದಾರೆ, ಮಳೆಗಾಲದಲ್ಲಿ ಎಷ್ಟು ದಿನ ದಾಟಲಾಗುವುದಿಲ್ಲ, ಯಾರ ಮನೆಯಲ್ಲಿ ಜಾಗ ಇದೆ ಅಂತ ಬರೆದು, ತಾಯಂದಿರೆಲ್ಲ ಸಹಿ ಹಾಕಿ ಗ್ರಾಮಸಭೆಗೆ ಕೊಡಿ. ನಮಗೂ ಒಂದು ಪ್ರತಿ ಕಳಿಸಿ, ಖಂಡಿತ ಅಚ್ಚು ಹಾಕುತ್ತೇವೆ.

– ಸಂ.