ಅಮೆರಿಕದಲ್ಲಿ ಸೈಕಲ್ ತುಳಿದು ಕೆಲಸಕ್ಕೆ ಹೋದರೆ ಅದರ ಖರ್ಚನ್ನು ಕಂಪನಿಯಿಂದ ಪಡೆಯಬಹುದೇ?

ಕಂಪನಿ ಕೊಡಲು ಒಪ್ಪಿದರೆ ಪಡೆಯಬಹುದು. ಆದರೆ ಆ ಹಣ ಈಗ ಸಂಬಳದ ಲೆಕ್ಕಕ್ಕೇ ಸೇರುತ್ತದೆ, ತೆರಿಗೆ ಕಡಿತವಾಗಿಯೇ ಕೈಗೆ ಬರುತ್ತದೆ.

‘ತಿಂಗಳಿಗೆ 20 ಡಾಲರ್, ತೆರಿಗೆಯಿಲ್ಲ’ ಎಂದು ನೀವು ಎಲ್ಲಾದರೂ ಓದಿದ್ದರೆ ಅದು 2009ರಿಂದ 2017ರವರೆಗಿನ ಮಾತು. ಆಗ ಸೈಕಲ್ ಖರೀದಿ, ರಿಪೇರಿ, ಬಿಡಿಭಾಗ, ನಿಲ್ಲಿಸುವ ಜಾಗದ ಬಾಡಿಗೆ ಇವಕ್ಕೆಲ್ಲ ಸೇರಿ ವರ್ಷಕ್ಕೆ ಹೆಚ್ಚೆಂದರೆ 240 ಡಾಲರ್‌ವರೆಗೆ ವಿನಾಯಿತಿ ಸಿಗುತ್ತಿತ್ತು. ಒಂದು ಷರತ್ತು ಮಾತ್ರ ಬಹಳ ಜನರಿಗೆ ಅಡ್ಡ ಬರುತ್ತಿತ್ತು: ಅದೇ ತಿಂಗಳು ಕಂಪನಿಯಿಂದ ರೈಲು ಅಥವಾ ಬಸ್ ಪಾಸ್ ಪಡೆದಿದ್ದರೆ ಸೈಕಲ್ ಹಣಕ್ಕೆ ವಿನಾಯಿತಿ ಇಲ್ಲ. ಸ್ಟೇಷನ್‌ವರೆಗೆ ಸೈಕಲ್, ಅಲ್ಲಿಂದ ರೈಲು ಎನ್ನುವವರು ಎರಡರಲ್ಲಿ ಒಂದನ್ನು ಬಿಡಲೇಬೇಕಿತ್ತು.

2018ರಿಂದ ಈ ವಿನಾಯಿತಿಯನ್ನು ತಡೆಹಿಡಿದರು. 2025ರ ಜುಲೈನಲ್ಲಿ ಬಂದ ತೆರಿಗೆ ಕಾನೂನು ಅದನ್ನು ಕಾಯಂ ಆಗಿ ತೆಗೆದೇ ಹಾಕಿತು. ಕಾರು ನಿಲ್ಲಿಸುವ ಸೌಲಭ್ಯಕ್ಕೆ ವಿನಾಯಿತಿ ಉಳಿಸಿ ಸೈಕಲ್‌ಗೆ ಮಾತ್ರ ಕತ್ತರಿ ಹಾಕಿದ್ದು ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ಹಾಗೆಂದು ಕೇಳದೆ ಸುಮ್ಮನಿರಬೇಡಿ. ಕೆಲವು ಕಂಪನಿಗಳು ಈಗಲೂ ಕೊಡುತ್ತವೆ. ಎಚ್‌ಆರ್ ವಿಭಾಗದಲ್ಲಿ ವಿಚಾರಿಸಿ, ಎಷ್ಟು ಕೊಡುತ್ತಾರೆ, ಯಾವ ಖರ್ಚಿಗೆ, ಬಿಲ್ ಎಷ್ಟು ದಿನದೊಳಗೆ ಕೊಡಬೇಕು ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ರಿಪೇರಿಯ ಚಿಕ್ಕ ರಸೀದಿಯನ್ನೂ ತಾರೀಖಿನ ಸಮೇತ ಇಟ್ಟುಕೊಳ್ಳಿ. ಕಂಪನಿ ಕೊಡದಿದ್ದರೆ, ಮನೆಯಿಂದ ಕಚೇರಿಗೆ ಹೋಗಿಬರುವ ಈ ಖರ್ಚನ್ನು ನಿಮ್ಮ ಫೆಡರಲ್ ತೆರಿಗೆ ರಿಟರ್ನ್‌ನಲ್ಲಿ ಕಳೆಯಲು ಬರುವುದಿಲ್ಲ.