34 ಅಡಿಯ ಹಾಯಿದೋಣಿಗೆ ಯಾವ ಲಂಗರು ಒಳ್ಳೆಯದು?

ಆಕ್ಲೆಂಡಿನಲ್ಲಿ 34 ಅಡಿಯ ಸೆಕೆಂಡ್ ಹ್ಯಾಂಡ್ ಹಾಯಿದೋಣಿ ಕೊಂಡಿದ್ದೀರಿ. ಜೊತೆಗೆ ಹಳೇ ಸಿಕ್ಯೂಆರ್ ಲಂಗರು ಬಂದಿದೆ. ಬೇಸಿಗೆಯಲ್ಲಿ ಹೌರಾಕಿ ಕೊಲ್ಲಿ ಸುತ್ತಬೇಕು, ಅದಕ್ಕೆ ಲಂಗರು ಬದಲಾಯಿಸಬೇಕಾ ಅಂತ ಕೇಳಿದ್ದೀರಿ. ನಾನೂ ಇದೇ ಕೊಲ್ಲಿಯಲ್ಲಿ ದೋಣಿ ಓಡಿಸುವವನು. ಸುತ್ತಿ ಬಳಸಿ ಹೇಳುವುದಿಲ್ಲ: ಬದಲಾಯಿಸಿ.

ಸಿಕ್ಯೂಆರ್ ಕೆಟ್ಟದ್ದು ಅಂತಲ್ಲ. ಜಿ. ಐ. ಟೇಲರ್ ಎಂಬ ಬ್ರಿಟಿಷ್ ವಿಜ್ಞಾನಿ 1933ರಲ್ಲಿ ನೀರಿನ ಮೇಲೆ ಇಳಿಯುವ ವಿಮಾನಗಳಿಗೆಂದು ಅದನ್ನು ಮಾಡಿದ. ಆಮೇಲೆ ದಶಕಗಟ್ಟಲೆ ಜನ ಅದನ್ನೇ ನಂಬಿ ಪ್ರಪಂಚ ಸುತ್ತಿದ್ದಾರೆ. ಆದರೆ ಗಟ್ಟಿ ಮರಳಿನಲ್ಲಿ ಅದು ಎಷ್ಟೋ ಸಲ ಪಕ್ಕಕ್ಕೆ ಮಲಗಿಬಿಡುತ್ತದೆ, ಒಳಗೆ ಇಳಿಯುವುದೇ ಇಲ್ಲ. ನೇಗಿಲಿನ ಆಕಾರದ್ದಲ್ವಾ, ಎಳೆತ ಜಾಸ್ತಿಯಾದರೆ ಉಳುತ್ತಾ ಹೋಗುತ್ತದೆ.

ಅಂಗಡಿಯವರು ಯಾವುದು ಎಷ್ಟು ಭಾರ ತಡೆಯುತ್ತದೆ ಅಂತ ಲೆಕ್ಕ ಕೊಡುತ್ತಾರೆ. ಆ ಲೆಕ್ಕವೆಲ್ಲ ಸಾಮಾನ್ಯವಾಗಿ ಒಂದೇ ದಿಕ್ಕಿಗೆ ನೇರವಾಗಿ ಎಳೆದು ನೋಡಿದ್ದು. ನಮ್ಮ ತೊಂದರೆಯೇ ಬೇರೆ. ಈ ಕೊಲ್ಲಿಯ ವೈಹೇಕೆ ದ್ವೀಪದ ದಕ್ಷಿಣ ಬದಿಯಲ್ಲಿ ಸಂಜೆ ಈಶಾನ್ಯದ ಗಾಳಿಗೆ ಮರೆಯಾಗಿ ನಿಂತಿರುತ್ತೀರಿ. ನಡುರಾತ್ರಿ ಹವೆ ಬದಲಾಯಿಸುವ ಫ್ರಂಟ್ ದಾಟಿದ ಮೇಲೆ ಗಾಳಿ ನೈರುತ್ಯಕ್ಕೆ ತಿರುಗುತ್ತದೆ. ದೋಣಿ ಆ ಕಡೆಯಿಂದ ಈ ಕಡೆಗೆ ಬರುತ್ತದೆ, ಲಂಗರಿಗೆ ಉಲ್ಟಾ ಎಳೆತ ಬೀಳುತ್ತದೆ. ಆಗ ಅದು ನೆಲದಲ್ಲೇ ತಿರುಗಿಕೊಳ್ಳಬೇಕು, ಇಲ್ಲಾ ಕಿತ್ತುಬಂದರೂ ಒಂದೆರಡು ಮೀಟರಿನೊಳಗೆ ತಾನಾಗಿ ಮತ್ತೆ ಕಚ್ಚಬೇಕು. ನೀವು ನಿದ್ದೆಯಲ್ಲಿರುವಾಗ ನಡೆಯುವ ಕೆಲಸ ಇದು. ನಾನು ಲಂಗರು ಆರಿಸುವುದು ಇದೊಂದನ್ನು ನೋಡಿ.

ಹಾಗೆ ನೋಡಿದರೆ ಉಳಿಯುವುದು ಹೊಸ ಮಾದರಿಗಳು. ಸೌಟಿನಂತೆ ತಗ್ಗಾದ ಅಲಗು, ಚೂಪು ಮೂತಿ, ಕೆಲವಕ್ಕೆ ಬೆನ್ನ ಮೇಲೆ ಕಮಾನಿನ ಕಂಬಿ. ತಲೆಕೆಳಗಾಗಿ ಬಿದ್ದರೂ ಆ ಕಂಬಿಯಿಂದಾಗಿ ಹೊರಳಿ ಮೂತಿ ನೆಲಕ್ಕೆ ಕೊಡುತ್ತದೆ. ರೋಕ್ನಾ, ಮ್ಯಾನ್ಸನ್ ಸುಪ್ರೀಂ ಎರಡೂ ಹುಟ್ಟಿದ್ದು ಇಲ್ಲೇ ನ್ಯೂಜಿಲೆಂಡಿನಲ್ಲಿ. ಫ್ರಾನ್ಸಿನ ಸ್ಪೇಡ್‌ಗೆ ಕಂಬಿ ಇಲ್ಲ, ಬದಲಿಗೆ ಮೂತಿಯಲ್ಲಿ ಸೀಸ ತುಂಬಿರುತ್ತದೆ. ನಾನಾಗಿದ್ದರೆ 20 ಕೆಜಿಯ ರೋಕ್ನಾ ತೆಗೆದುಕೊಳ್ಳುತ್ತೇನೆ. ಕಂಪನಿಯ ಸೈಜಿನ ಚಾರ್ಟು ನಿಮ್ಮ ದೋಣಿಗೆ ಒಂದು ಸೈಜು ಚಿಕ್ಕದು ಸಾಕು ಅನ್ನಬಹುದು, ಕೇಳಬೇಡಿ. ಗಾಳಿಯ ವೇಗ 15 ನಾಟ್‌ನಿಂದ 30ಕ್ಕೆ ಹೋದರೆ ದೋಣಿಯ ಮೇಲಿನ ಒತ್ತಡ ನಾಲ್ಕರಷ್ಟಾಗುತ್ತದೆ.

ದುಡ್ಡು ಕೊಡುವ ಮುಂಚೆ ಕಂಪನಿಯ ಅಳತೆಗೆ ರಟ್ಟು ಕತ್ತರಿಸಿ ದೋಣಿಯ ಮುಂದುಗಡೆ ಲಂಗರು ಕೂರುವ ರೋಲರ್ ಮೇಲೆ ಇಟ್ಟು ನೋಡಿ. ಆ ಕಮಾನು ಎಷ್ಟೋ ದೋಣಿಗಳಲ್ಲಿ ರೇಲಿಂಗಿಗೆ ತಾಗುತ್ತದೆ. ತಾಗಿದರೆ ಸ್ಪೇಡ್ ಕಡೆ ಹೋಗಿ.

ಊರ ಕಡೆ ಮೀನುಗಾರರ ನಾಲ್ಕು ಕೊಕ್ಕೆಯ ಲಂಗರು ಸಾಕಲ್ವಾ ಅಂತಲೂ ಕೇಳಿದ್ದೀರಿ. ಸಾಲದು. ಬಂಡೆ ಸಂದಿಗೆ ಸಿಕ್ಕಿಸಿ ಗಾಳ ಹಾಕುತ್ತಾ ಕೂರುವವರಿಗೆ ಅದು ಸರಿ. ಮರಳು, ಕೆಸರಿನಲ್ಲಿ ರಾತ್ರಿ ಕಳೆಯುವ ಇಷ್ಟು ದೊಡ್ಡ ದೋಣಿಗೆ ಅಲ್ಲ.

ಇನ್ನು ಚೈನು. ಎಂಥ ಲಂಗರಾದರೂ ಎಳೆತ ನೆಲಕ್ಕೆ ಹತ್ತಿರವಾಗಿದ್ದರೆ ಮಾತ್ರ ಕಚ್ಚಿ ನಿಲ್ಲುತ್ತದೆ. ಹಗ್ಗ ಸೇರಿಸದೆ ಬರೀ ಚೈನಾದರೆ ಆಳದ 5 ಪಟ್ಟು ಬಿಡಬೇಕು. ಎಡವಟ್ಟಾಗುವುದು ಆಳದ ಲೆಕ್ಕದಲ್ಲಿ. ಇಳಿತದಲ್ಲಿ ಆಳ ತೋರಿಸುವ ಯಂತ್ರ 5 ಮೀಟರ್ ತೋರಿಸಿತು ಅಂತ 25 ಮೀಟರ್ ಬಿಟ್ಟು ಮಲಗುತ್ತಾರೆ. ಇಲ್ಲಿ ಭರತಕ್ಕೆ ಸುಮಾರು 3 ಮೀಟರ್ ನೀರು ಏರುತ್ತದೆ. ರೋಲರ್ ನೀರಿನಿಂದ 1 ಮೀಟರ್ ಮೇಲಿದೆ ಅಂದುಕೊಳ್ಳಿ. ಒಟ್ಟು 9 ಆಯ್ತು, ಬೇಕಾದದ್ದು 45 ಮೀಟರ್. 25 ಬಿಟ್ಟವರಿಗೆ ಭರತದಲ್ಲಿ ಮೂರು ಪಟ್ಟೂ ಇರುವುದಿಲ್ಲ. ಚೈನಿಗೆ ಒಂದು ನೈಲಾನ್ ಹಗ್ಗವನ್ನು ಕೊಕ್ಕೆ ಹಾಕಿ ದೋಣಿಗೆ ಕಟ್ಟಿ. ಅಲೆಯ ಜಗ್ಗುವಿಕೆಯನ್ನು ಅದು ಹೀರಿಕೊಳ್ಳುತ್ತದೆ, ಚೈನಿನ ಕರಕರ ಸದ್ದೂ ನಿಲ್ಲುತ್ತದೆ.

ಚೈನು ಬಿಟ್ಟ ಮೇಲೆ ಒಂದೆರಡು ನಿಮಿಷ ಸುಮ್ನೆ ಬಿಡಿ. ಆಮೇಲೆ ನಿಧಾನಕ್ಕೆ ರಿವರ್ಸ್ ಹಾಕಿ, ಬಿಗಿಯಾದ ಚೈನಿನ ಮೇಲೆ ಅಂಗೈ ಇಡಿ. ಲಂಗರು ಜಾರುತ್ತಿದ್ದರೆ ನಡುಕ, ಗುಡುಗುಡು ಕೈಗೆ ಗೊತ್ತಾಗುತ್ತದೆ. ಕಚ್ಚಿದ್ದರೆ ಚೈನು ಸೆಟೆದು ನಿಲ್ಲುತ್ತದೆ. ದಡದ ಮೇಲೆ ಒಂದರ ಹಿಂದೆ ಒಂದು ಕಾಣುವ ಮರ, ಕಂಬ ಏನಾದರೂ ಗುರುತು ಮಾಡಿಕೊಳ್ಳಿ. ಇಂಜಿನ್ ಜೋರು ಮಾಡಿದರೂ ಅವು ಅಕ್ಕಪಕ್ಕ ಸರಿಯದಿದ್ದರೆ ಅಡುಗೆಗೆ ಇಡಬಹುದು.

ಎರಡನೇ ಲಂಗರಾಗಿ ಅಲ್ಯೂಮಿನಿಯಂನ ಫೋರ್ಟ್ರೆಸ್ ಒಂದು ಇರಲಿ. ನಿಮ್ಮ ಸೈಜಿನದು 4.5 ಕೆಜಿ ಅಷ್ಟೇ, ಬಿಚ್ಚಿ ಚೀಲದಲ್ಲಿ ಇಡಬಹುದು. ಮೆತ್ತನೆ ಕೆಸರಿನಲ್ಲಿ ಅದರ ಹಿಡಿತ ಜೋರು. ಆದರೆ ಗಾಳಿ ತಿರುಗುವ ರಾತ್ರಿ ಅದೊಂದನ್ನೇ ನಂಬಬೇಡಿ. ಚೈನನ್ನು ಲಂಗರಿಗೆ ಸೇರಿಸುವ ಶ್ಯಾಕಲ್ ಮಾತ್ರ ಲೋಡ್ ರೇಟಿಂಗ್ ಒತ್ತಿರುವುದನ್ನೇ ತನ್ನಿ, ಪಿನ್ನಿಗೆ ತಂತಿ ಸುತ್ತಿ ಬಿಗಿಯಿರಿ. ಹಳೇ ಸಿಕ್ಯೂಆರ್ ಮನೆ ಗೇಟಿನ ಪಕ್ಕ ಚೆನ್ನಾಗಿ ಕಾಣುತ್ತದೆ.