ನೆನಪಿಗೂ ಇಸವಿ ಹಾಕಿ

ನಮಸ್ಕಾರ.

ಪಿಂಕ್ ಫ್ಲಾಯ್ಡ್ ಎಂಬ ಬ್ರಿಟಿಷ್ ರಾಕ್ ತಂಡದ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. 1973ರ ಮಾರ್ಚಿನಲ್ಲಿ ಬಂದ ಆಲ್ಬಮ್ಮನ್ನು ಅದನ್ನು ಮಾಡಿದವರೇ ದಶಕಗಳ ನಂತರ ಹೇಗೆ ನೆನೆದಿದ್ದಾರೆ ಎಂದು ಹೇಳಹೊರಟಿದ್ದೀರಿ. ಕನ್ನಡದಲ್ಲಿ ಖಂಡಿತ ಬರಬೇಕಾದ ಲೇಖನ. ಆದರೆ ಈಗಿರುವ ರೂಪದಲ್ಲಿ ಪ್ರಕಟಿಸಲಾರೆವು. ನಿಮ್ಮ ಭಾಷೆ ಚೆನ್ನಾಗಿದೆ, ತೊಂದರೆ ಅಲ್ಲಿಲ್ಲ. ನಾಲ್ವರ ನೆನಪುಗಳನ್ನು ಹೂವಿನ ಹಾಗೆ ಪೋಣಿಸಿದ್ದೀರಿ, ಒಂದನ್ನೂ ಒರೆಗೆ ಹಚ್ಚಿಲ್ಲ.

ಮಿಕ್ಸಿಂಗ್, ಅಂದರೆ ಬೇರೆ ಬೇರೆ ಮುದ್ರಿಸಿದ ಸದ್ದುಗಳನ್ನು ಹದವಾಗಿ ಬೆರೆಸುವ ಕೆಲಸದ ಬಗ್ಗೆ ಬರೆದ ಪ್ಯಾರಾ ನೋಡಿ. ತಂಡದ ಬಾಸ್ ವಾದಕ ರೋಜರ್ ವಾಟರ್ಸ್‌ಗೆ ಒಣ, ಸ್ಪಷ್ಟ ಸದ್ದು ಬೇಕಿತ್ತು, ಗಿಟಾರ್ ವಾದಕ ಡೇವಿಡ್ ಗಿಲ್ಮರ್‌ಗೆ ಪ್ರತಿಧ್ವನಿ ತುಂಬಿದ ಸದ್ದು ಬೇಕಿತ್ತು, ಜಗಳ ಬಿಡಿಸಲು ಹೊರಗಿನಿಂದ ನಿರ್ಮಾಪಕ ಕ್ರಿಸ್ ಥಾಮಸ್ ಬಂದರು ಎಂದಿದ್ದೀರಿ. ತಂಡದವರು ಹಾಗೆ ಹೇಳಿರುವುದು ನಿಜ. ಆದರೆ ಅಂಥ ಭಿನ್ನಾಭಿಪ್ರಾಯವೇ ಇರಲಿಲ್ಲ ಎಂದು ಸ್ವತಃ ಥಾಮಸ್ ಮುಂದೆ ಹೇಳಿದರು. ಲೇಖನದ ಜೀವ ಇರುವುದೇ ಇಲ್ಲಿ, ನೀವು ಒಂದು ಕಡೆಯವರ ಮಾತು ಕೇಳಿ ಮುಂದೆ ಹೋಗಿಬಿಟ್ಟಿದ್ದೀರಿ. ಎರಡೂ ಮಾತನ್ನು ಅಕ್ಕಪಕ್ಕ ಇಡಿ. ಪ್ರತಿ ನೆನಪಿಗೂ ಎರಡು ಇಸವಿ ಬರೆಯಿರಿ, ಘಟನೆ ನಡೆದದ್ದು ಯಾವಾಗ, ಅದನ್ನು ಹೇಳಿದ್ದು ಯಾವಾಗ ಎಂದು. ವಾಟರ್ಸ್ 1980ರ ದಶಕದಲ್ಲಿ ತಂಡ ಬಿಟ್ಟರು, ತಂಡದ ಹೆಸರಿಗಾಗಿ ಜಗಳ ಕೋರ್ಟಿನವರೆಗೂ ಹೋಯಿತು. ಆ ಬಿರುಕು ಬಿದ್ದ ಮೇಲೆ ಹೇಳಿದ ಮಾತಿನಲ್ಲಿ 1973ರ ಜಗಳ ಎಷ್ಟು, ಆಮೇಲಿನದು ಎಷ್ಟು ಎಂದು ಓದುಗ ತೂಗಿ ನೋಡಲು ಇಸವಿ ಬೇಕೇ ಬೇಕು.

ಮಾತುಗಳು ಕೂಡಿಬರದಿದ್ದಾಗ ಧ್ವನಿಮುದ್ರಿಕೆಗೇ ಕಿವಿ ಕೊಡಿ. ಆಲ್ಬಮ್ಮಿನ ‘ಮನಿ’ ಹಾಡಿನ ಮೂರನೇ ನಿಮಿಷದ ಆಸುಪಾಸಿನಲ್ಲಿ ಗಿಟಾರ್ ಶುರುವಾಗುತ್ತದೆ. ಮೊದಲ ಸುತ್ತಿನಲ್ಲಿ ಪ್ರತಿಧ್ವನಿ ತುಂಬಿಕೊಂಡಿದೆ. ಎರಡನೇ ಸುತ್ತಿಗೆ ಅದೆಲ್ಲ ಕಳಚಿ, ಸಣ್ಣ ಕೋಣೆಯಲ್ಲಿ ಪಕ್ಕದಲ್ಲೇ ಕೂತು ನುಡಿಸಿದ ಹಾಗೆ ಕೇಳುತ್ತದೆ. ಮೂರನೆಯದರಲ್ಲಿ ಎಲ್ಲವೂ ಒಮ್ಮೆಗೇ ಮರಳಿ ನುಗ್ಗುತ್ತದೆ. ಒಣ ಸದ್ದು, ಒದ್ದೆ ಸದ್ದು ಎರಡೂ ಒಂದೇ ಹಾಡಿನಲ್ಲಿ, ಬೇಕೆಂದೇ. ಹೆಡ್‌ಫೋನ್ ಹಾಕಿ ಕೇಳಿ, ಆಮೇಲೆ ಆ ಪ್ಯಾರಾ ಬರೆಯಿರಿ.

ಅದೇ ಹಾಡನ್ನು ‘ಪೂರ್ತಿ 7/4 ತಾಳ’, ಅಂದರೆ ಸುತ್ತಿಗೆ ಏಳು ಹೆಜ್ಜೆ, ಎಂದು ಬರೆದಿದ್ದೀರಿ. ತಪ್ಪು. ಹಾಡುವ ಭಾಗ, ಸ್ಯಾಕ್ಸೊಫೋನ್ ಭಾಗ ಏಳರಲ್ಲಿವೆ. ಗಿಟಾರ್ ಬಂದಾಗ ನಾಲ್ಕಕ್ಕೆ ಹೊರಳಿ, ಮುಗಿದ ಮೇಲೆ ಮತ್ತೆ ಏಳಕ್ಕೆ ಬರುತ್ತದೆ. ಕರ್ನಾಟಕ ಸಂಗೀತದ ಏಳೆಣಿಕೆಯ ತಾಳವಾದ ಮಿಶ್ರ ಛಾಪುವಿನ ಹೋಲಿಕೆ ಕೊಟ್ಟದ್ದು ಇಷ್ಟವಾಯಿತು, ಆದರೆ ಹೋಲಿಕೆ ಎಣಿಕೆಗಷ್ಟೇ ನಿಲ್ಲಲಿ. ‘ತಕಿಟ ತಕಧಿಮಿ’ಯ ಮೂರು-ನಾಲ್ಕರ ವಾಲಾಟ ಇಲ್ಲಿಲ್ಲ. ಏಳೂ ಸಮನಾದ ಹೆಜ್ಜೆಗಳು.

ಶುರುವಿನ ಗಲ್ಲಾಪೆಟ್ಟಿಗೆ ಸದ್ದಿಗೆ ‘ಮಾಂತ್ರಿಕ ಸ್ಪರ್ಶ’ ಎಂಬ ಎರಡು ಪದ ಸಾಲದು. ಅದು ಕತ್ತರಿ ಮತ್ತು ಅಳತೆಪಟ್ಟಿಯ ಕೆಲಸ. ಪತ್ನಿ ಜೇಡಿಮಣ್ಣು ಕಲಸುತ್ತಿದ್ದ ಬೋಗುಣಿಯೊಳಗೆ ವಾಟರ್ಸ್ ನಾಣ್ಯ ಸುರಿದು ಸದ್ದು ಹಿಡಿದರು. ಕಾಗದ ಹರಿಯುವುದು, ಗಲ್ಲಾಪೆಟ್ಟಿಗೆಯ ಗಂಟೆ, ಹೀಗೆ ಒಂದು ಹೆಜ್ಜೆಗೆ ಒಂದು ಸದ್ದು. ಟೇಪನ್ನು ಸಮನಾಗಿ ಕತ್ತರಿಸಿ, ಅಂಟಿಸಿ, ಬಳೆಯ ಹಾಗೆ ಸುತ್ತು ಮಾಡಿ ಓಡಿಸಿದರು. ಲೆಕ್ಕ ಹಾಕಿ ತೋರಿಸಿ: ಟೇಪು ಸೆಕೆಂಡಿಗೆ 15 ಇಂಚು ಓಡುತ್ತದೆ, ಒಂದು ಹೆಜ್ಜೆ ಅರ್ಧ ಸೆಕೆಂಡು ಎಂದಿಟ್ಟುಕೊಂಡರೆ ಪ್ರತಿ ತುಂಡು ಏಳೂವರೆ ಇಂಚು, ಏಳು ತುಂಡಿನ ಸುತ್ತು ಐವತ್ತೆರಡೂವರೆ ಇಂಚು. ಒಂದು ತುಂಡು ಅರ್ಧ ಇಂಚು ಉದ್ದವಾದರೂ ತಾಳ ಪ್ರತಿ ಸುತ್ತಿನಲ್ಲೂ ಅದೇ ಜಾಗದಲ್ಲಿ ಕುಂಟುತ್ತದೆ. ಇಷ್ಟು ಉದ್ದದ ಸುತ್ತು ಯಂತ್ರದ ಮೇಲೆ ನಿಲ್ಲದು, ಆಚೆ ಮೈಕ್ ಸ್ಟ್ಯಾಂಡಿಗೋ ಮತ್ತೊಂದಕ್ಕೋ ಬಳಸಿ ಬಿಗಿ ಹಿಡಿಯಬೇಕು. ಸಡಿಲವಾದರೆ ಸದ್ದು ತೊದಲುತ್ತದೆ. ಇದನ್ನು ಬರೆದರೆ ವಿಶೇಷಣಗಳ ಅಗತ್ಯವೇ ಬೀಳುವುದಿಲ್ಲ.

‘ಸ್ಟುಡಿಯೋದಲ್ಲಿ ರಾತ್ರೋರಾತ್ರಿ ಹುಟ್ಟಿದ ಹಾಡುಗಳು’ ಎಂಬ ಸಾಲನ್ನು ತೆಗೆದುಬಿಡಿ. 1972ರ ಜನವರಿಯಲ್ಲೇ ಇಂಗ್ಲೆಂಡಿನ ಬ್ರೈಟನ್‌ನಲ್ಲಿ ಇವನ್ನು ವೇದಿಕೆಗೆ ತಂದಿದ್ದರು, ‘ಮನಿ’ ನುಡಿಸುವಾಗ ತಾಂತ್ರಿಕ ತೊಂದರೆಯಾಗಿ ನಿಲ್ಲಿಸಬೇಕಾಯಿತು. ಲಂಡನ್ನಿನ ಆಬಿ ರೋಡ್ ಸ್ಟುಡಿಯೋದಲ್ಲಿ ಮುದ್ರಣ ಶುರುವಾದದ್ದು ಆಮೇಲೆ, ಕೆಲವು ತಿಂಗಳು ಕಳೆದು. ‘ಅಸ್ ಅಂಡ್ ದೆಮ್’ನ ರಾಗ ಇನ್ನೂ ಹಳೆಯದು. ಇಟಲಿಯ ನಿರ್ದೇಶಕ ಆಂಟೋನಿಯೋನಿಯ ‘ಝಬ್ರಿಸ್ಕಿ ಪಾಯಿಂಟ್’ ಚಿತ್ರಕ್ಕೆಂದು ತಂಡದ ಕೀಬೋರ್ಡ್ ವಾದಕ ರಿಚರ್ಡ್ ರೈಟ್ ಪಿಯಾನೋದಲ್ಲಿ ಮಾಡಿದ್ದು, ಅಲ್ಲಿ ತಿರಸ್ಕೃತವಾದದ್ದು.

ನಿಮ್ಮ ಲೇಖನದಲ್ಲಿ ಕ್ಲೇರ್ ಟೋರಿ ‘ಒಬ್ಬ ಗಾಯಕಿ’ಯಾಗಿ ಅರ್ಧ ವಾಕ್ಯದಲ್ಲಿ ಬಂದು ಹೋಗುತ್ತಾರೆ. ಇದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸಿತು. ‘ದ ಗ್ರೇಟ್ ಗಿಗ್ ಇನ್ ದ ಸ್ಕೈ’ಯಲ್ಲಿ ಹಾಡಲು ಪದಗಳೇ ಇಲ್ಲ, ಆಕೆ ಆ ಹೊತ್ತಿಗೆ ಕಟ್ಟಿದ ಆಲಾಪವೇ ಹಾಡು. ಭಾನುವಾರದ ಆ ಕೆಲಸಕ್ಕೆ ಸಿಕ್ಕದ್ದು 30 ಪೌಂಡ್. 2004ರಲ್ಲಿ ದಾವೆ ಹೂಡಿದರು, 2005ರಲ್ಲಿ ಕೋರ್ಟಿನ ಹೊರಗೆ ರಾಜಿಯಾಯಿತು, ಅಂದಿನಿಂದ ರೈಟ್ ಜೊತೆ ಆಕೆಯ ಹೆಸರೂ ಸಂಯೋಜಕರಾಗಿ ಅಚ್ಚಾಗುತ್ತದೆ. ಯಾರು ಏನು ಮಾಡಿದರು ಎಂಬ ನೆನಪಿನ ಮೇಲೆ ಹಣವೂ ಹೆಸರೂ ನಿಂತಿರುತ್ತವೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಈ ಆಲ್ಬಮ್ಮಿನಲ್ಲಿ ಇಲ್ಲ. ಎಂಜಿನಿಯರ್ ಆಲನ್ ಪಾರ್ಸನ್ಸ್ ಕೂಡ ಬರಲಿ. ‘ಟೈಮ್’ ಹಾಡಿನ ಗಡಿಯಾರಗಳನ್ನು ಹಳೆ ಗಡಿಯಾರದ ಅಂಗಡಿಯಲ್ಲಿ ಮುದ್ರಿಸಿ ತಂದವರು ಅವರು.

ಸಣ್ಣ ತಿದ್ದುಪಡಿ: ಅಮೆರಿಕದ ಜನಪ್ರಿಯ ಆಲ್ಬಮ್ಮುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 700ಕ್ಕೂ ಹೆಚ್ಚು ವಾರ ಇದ್ದದ್ದು ಹೌದು, ‘ಸತತವಾಗಿ’ ಅಲ್ಲ. 1973ರಿಂದ 1988ರ ನಡುವಿನ ಒಟ್ಟು ಲೆಕ್ಕ ಅದು. ಮೊದಲ ಸ್ಥಾನದಲ್ಲಿದ್ದದ್ದು ಒಂದೇ ವಾರ.

1,200 ಪದಕ್ಕೆ ಇಳಿಸಿ. ‘ಮನಿ’ಗೆ ಮತ್ತು ಟೋರಿಗೆ ಅರ್ಧ ಜಾಗ ಕೊಡಿ, ಪ್ರಿಸಂ ಇರುವ ಹೊದಿಕೆಯ ವರ್ಣನೆ ಪೂರ್ತಿ ಹೋಗಲಿ, ಅದು ಎಲ್ಲರಿಗೂ ಗೊತ್ತು. ಗಿಲ್ಮರ್, ಗಿಲ್ಮೋರ್, ಗಿಲ್ಮೌರ್ ಎಂದು ಮೂರು ರೂಪ ಬಂದಿವೆ, ಗಿಲ್ಮರ್ ಒಂದೇ ಇರಲಿ. ಯೂನಿಕೋಡ್‌ನಲ್ಲಿ ಕಳಿಸಿ. ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಬಂದದ್ದನ್ನು ಪರಿವರ್ತಿಸಿದಾಗ ಅಂಕಿಗಳೂ ಅರ್ಕಾವೊತ್ತುಗಳೂ ಕೆಡುತ್ತವೆ, ಈ ಲೇಖನದಲ್ಲಂತೂ ಇಸವಿ ಕೆಟ್ಟರೆ ಕೆಲಸವೇ ಕೆಟ್ಟ ಹಾಗೆ.